ಹೊಸದುರ್ಗದಿಂದ ನಾಗಪುರಕ್ಕೆ ಎಷ್ಟು ಹೊತ್ತು

ನನ್ನ ತಂಗಿಯ ಮಗಳು ವೀಣಾ ಈಚೆಗೆ ದಾವಣಗೆರೆಯ ಒಂದು ಟ್ರಾವೆಲ್ಸ್ ಆಫೀಸಿಗೆ ಕೆಲಸಕ್ಕೆ ಸೇರಿದಳು. ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ, ಬೇಜಾರು ಮಾಡಿಕೊಂಡು ನಮ್ಮ ಮನೆಗೆ ಬಂದಳು.

"ದೊಡ್ಡಮ್ಮ, ಈ ಕೆಲಸದಾಗೆ ಏನೈತೆ ಹೇಳು. ಎರಡು ಊರಿನ ಹೆಸರು ಹೊಡೆದರೆ ದೂರ ಎಷ್ಟು, ವಿಮಾನ ಎಷ್ಟೊತ್ತಿಗೆ ಮುಟ್ಟುತ್ತೆ, ಎಲ್ಲಾ ಮೊಬೈಲೇ ಹೇಳುತ್ತೆ. ನಾನ್ಯಾಕೆ ಅಲ್ಲಿ ಕುಂತಿರಬೇಕು?" ಅಂದಳು.

ಊಟ ಬಡಿಸಿ ಕಳಿಸಿದೆ. ಅವಳು ಹೋದ ಮೇಲೆ ಯೋಚಿಸುತ್ತಾ ಕೂತರೆ, ಹೇಳಬೇಕಾದ್ದು ಬಹಳ ಇದೆ ಅನ್ನಿಸಿತು. ಬಾಯಲ್ಲಿ ಹೇಳುವುದಕ್ಕಿಂತ ಬರೆದುಕೊಟ್ಟರೆ ಅವಳಂಥವರು ಇನ್ನೂ ನಾಲ್ಕು ಜನ ಓದಿಯಾರು ಅಂತ ಬರೆಯುತ್ತಿದ್ದೇನೆ.

ನಾನು ಚಿತ್ರದುರ್ಗದಲ್ಲಿ ಒಂದೇ ಆಫೀಸಿನಲ್ಲಿ, ಒಬ್ಬರೇ ಮಾಲೀಕರ ಕೈಕೆಳಗೆ, ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೆ ವಿಮಾನದ ಟಿಕೆಟ್ ಮಾಡಿದವಳು. ನಮ್ಮೂರಿನ ಮೇಲೆ ವಿಮಾನ ಹಾದುಹೋಗುತ್ತದೆಯೇ ಹೊರತು ಇಳಿಯುವುದಿಲ್ಲ. ಕೋಟೆ ನೋಡಲು ಬಂದವರು ನಮ್ಮ ಬೋರ್ಡು ನೋಡಿ, "ಇಲ್ಲಿ ಏರ್‌ಪೋರ್ಟ್ ಎಲ್ಲೈತೆ?" ಅಂತ ಕೇಳುತ್ತಿದ್ದರು. ನಮ್ಮ ಮಾಲೀಕರು ತಿಪ್ಪೇಸ್ವಾಮಿಯವರು, "ಇನ್ನೂರು ಕಿಲೋಮೀಟರ್ ಆಚೆ ಐತೆ, ಕುಂತ್ಕಳ್ರಿ ಹೇಳ್ತೀನಿ" ಅನ್ನುತ್ತಿದ್ದರು.

ತಿಪ್ಪೇಸ್ವಾಮಿಯವರು ಮೊದಲು ಬಸ್ಸಿನ ಬುಕಿಂಗ್ ಮಾಡುತ್ತಿದ್ದವರು. ಮೆತ್ತನೆ ಮನಸ್ಸಿನ ಮನುಷ್ಯ. ಎದುರಿಗೆ ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಕೂತರೆ ಅವರಿಂದ ತಡೆಯಲಾಗುತ್ತಿರಲಿಲ್ಲ. "ಏನೂ ಆಗಲ್ಲ ಬಿಡ್ರಿ" ಅನ್ನುವುದು ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು.

ನಾನು ಸೇರಿದ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ. ಗಿರಾಕಿ ಬಂದರೆ ಬೆಂಗಳೂರಿನ ದೊಡ್ಡ ಏಜೆಂಟರಿಗೆ ಫೋನು ಮಾಡಿ ಸೀಟು ಕೇಳಬೇಕು. ಅವರು ಟಿಕೆಟ್ ಮಾಡಿ ಕವರಿಗೆ ಹಾಕಿ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕಾಯಬೇಕು. ಸಣ್ಣ ಪುಸ್ತಕದಂತೆ ಇರುತ್ತಿದ್ದ ಆ ಟಿಕೆಟ್ಟಿನ ಹಾಳೆಯಲ್ಲಿ ಕೆಂಪು ಕಾರ್ಬನ್ನಿನ ಅಕ್ಷರ. ಕೈಗೆ ಬಣ್ಣ ಹತ್ತುತ್ತಿತ್ತು. ಆಮೇಲೆ ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು, ಕೊನೆಗೆ ಎಲ್ಲಾ ಮೊಬೈಲಿಗೇ ಬಂತು. ಕೆಲಸದ ರೀತಿ ಇಷ್ಟು ಸಲ ಬದಲಾದರೂ ಜನ ಕೇಳುವ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಎಷ್ಟು ದೂರ, ಎಷ್ಟೊತ್ತು.

ಭೀಮಸಮುದ್ರದ ಅಡಿಕೆ ವ್ಯಾಪಾರಿ ವಿರೂಪಾಕ್ಷಪ್ಪನವರು ನಮ್ಮ ಖಾಯಂ ಗಿರಾಕಿ. ಅಸ್ಸಾಮಿನ ಅಡಿಕೆ ಹೇಗಿದೆ ನೋಡಿಬರುತ್ತೇನೆ ಅಂತ ಒಮ್ಮೆ ಗುವಾಹಟಿಗೆ ಹೋದರು. ವಾಪಸು ಬಂದವರು ಮನೆಗೂ ಹೋಗದೆ ನೆಟ್ಟಗೆ ನಮ್ಮ ಆಫೀಸಿಗೆ ಬಂದರು.

"ಏನಮ್ಮ ಶಾರದಮ್ಮ, ಹೋಗೋವಾಗ ಬೇಗ ಹೋದೆ, ಬರೋವಾಗ ತಡ ಆಯ್ತು. ಅದೇ ಊರು, ಅದೇ ದೂರ. ಬರೋವಾಗ ಸುತ್ತು ಹಾಕ್ಕೊಂಡು ಕರ್ಕೊಂಡು ಬಂದ್ರಾ?"

ತಿಪ್ಪೇಸ್ವಾಮಿಯವರು ನನ್ನ ಮುಖ ನೋಡಿದರು. ನಂತರ, "ಡ್ರೈವರ್ ಬೇರೆ ಇರಬೇಕು, ಏನೂ ಆಗಲ್ಲ ಬಿಡ್ರಿ" ಅಂದರು. ವಿರೂಪಾಕ್ಷಪ್ಪನವರಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಬೆಂಗಳೂರಿನ ಏಜೆಂಟರಿಗೇ ಫೋನು ಮಾಡಿ ಕೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಬಿಡಿಸಿ ಹೇಳಿದರು. ಅಷ್ಟು ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದಂತೆ. ಆ ಕಡೆ ಹೋಗುವಾಗ ಗಾಳಿ ಹಿಂದಿನಿಂದ ನೂಕುತ್ತದೆ, ಈ ಕಡೆ ಬರುವಾಗ ಎದುರಾಗುತ್ತದೆ. ವಿರೂಪಾಕ್ಷಪ್ಪನವರಿಗೆ ಹಾಗೇ ಹೇಳಿದೆ.

"ಎದುರು ಗಾಳಿಗೆ ಸೈಕಲ್ ತುಳಿದಂಗೆ ಅನ್ನು" ಅಂದರು. ಎದ್ದು ಹೋಗುವಾಗ ಅವರ ಮುಖ ತಿಳಿಯಾಗಿತ್ತು. ಮೋಸ ಆಗಿಲ್ಲ ಅಂತ ಗೊತ್ತಾಗುವುದೇ ಅವರಿಗೆ ಬೇಕಾಗಿತ್ತು.

ಹಿರಿಯೂರಿನ ರಂಗಪ್ಪ ಮೇಷ್ಟ್ರು ಮತ್ತು ಅವರ ಮನೆಯವರದು ಬೇರೆ ಕಥೆ. ಮಗಳು ಜೈಪುರದಲ್ಲಿದ್ದಳು. ಬಾಣಂತನಕ್ಕೆ ಹೊರಟಿದ್ದರು. ಅವರ ವಿಮಾನ ನಡುವೆ ಹೈದರಾಬಾದಿನಲ್ಲಿ ಇಳಿದು, ಕೆಲವರನ್ನು ಇಳಿಸಿ ಕೆಲವರನ್ನು ಹತ್ತಿಸಿಕೊಂಡು ಮುಂದೆ ಹೋಗುವಂಥದ್ದು. ನಾನು ಅದನ್ನು ಹೇಳಿದ್ದೆ. ಮೇಷ್ಟ್ರು ತಲೆ ಆಡಿಸಿದ್ದರು. ಆದರೆ ವಿಮಾನ ನೆಲ ಮುಟ್ಟಿದಾಗ ಸುತ್ತಲಿನವರೆಲ್ಲ ದಡಬಡ ಎದ್ದು ಚೀಲ ಇಳಿಸತೊಡಗಿದರಂತೆ. ಇವರೂ ಎದ್ದರು. ಕೆಳಗಿಳಿಯುವ ಮೆಟ್ಟಿಲ ಹತ್ತಿರ ಒಬ್ಬ ಹುಡುಗಿ ಟಿಕೆಟ್ ನೋಡಿ, ಕೈ ಹಿಡಿದು ಸೀಟಿಗೆ ವಾಪಸು ಕರೆದುಕೊಂಡು ಹೋಗಿ ಕೂರಿಸಿದಳಂತೆ. ಮೇಷ್ಟ್ರ ಮನೆಯವರು ಊರಿಗೆ ಬಂದ ಮೇಲೆ ಇದನ್ನು ನಗುನಗುತ್ತಾ ಹೇಳಿದರು. "ಇಷ್ಟು ಬೇಗ ಜೈಪುರ ಬಂದುಬಿಡ್ತಲ್ಲ ಅಂತ ಇವರು ಖುಷಿಯಾಗಿದ್ರು ಶಾರದಮ್ಮ. ನನಗೂ ಮಗೂನ ನೋಡಿದಂಗೇ ಆಗಿತ್ತು." ಅವತ್ತಿನಿಂದ ನಡುವೆ ನಿಲ್ಲುವ ವಿಮಾನಕ್ಕೆ ಟಿಕೆಟ್ ಮಾಡಿದರೆ, ನಿಲ್ಲುವ ಊರಿನ ಹೆಸರನ್ನು ಗಿರಾಕಿಯ ಬಾಯಿಂದಲೇ ಒಮ್ಮೆ ಹೇಳಿಸುತ್ತಿದ್ದೆ.

ಇಂಥವು ಎಷ್ಟೋ ಇವೆ. ವೀಣಾ, ನಿನ್ನ ಪ್ರಶ್ನೆಗೆ ಉತ್ತರ ಮಾತ್ರ ಹೊಸದುರ್ಗದ ಲಕ್ಷ್ಮಕ್ಕನ ವಿಷಯದಲ್ಲಿದೆ.

ಕೋವಿಡ್ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಬೆಳಗ್ಗೆ ಆಫೀಸಿನ ಬಾಗಿಲು ತೆಗೆಯುತ್ತಿದ್ದಂತೆ ಹೊಸದುರ್ಗದ ಕೊಬ್ಬರಿ ಮಂಡಿಯ ಸಾಹುಕಾರರು ಫೋನು ಮಾಡಿದರು. ಅವರ ಕೊಬ್ಬರಿ ತುಂಬಿಕೊಂಡು ಉತ್ತರಕ್ಕೆ ಹೊರಟಿದ್ದ ಲಾರಿ ನಾಗಪುರದ ಹತ್ತಿರ, ರಸ್ತೆ ಬದಿಯಲ್ಲಿ ನಿಂತಿದ್ದ ಇನ್ನೊಂದು ಲಾರಿಗೆ ಗುದ್ದಿತ್ತು. ಡ್ರೈವರ್ ಬಸವರಾಜನ ಬಲಗಾಲು ಜಜ್ಜಿಹೋಗಿತ್ತು. ಜೊತೆಯಲ್ಲಿದ್ದ ಇನ್ನೊಬ್ಬ ಡ್ರೈವರ್ ಬಾಷಾನ ತೋಳಿಗೆ ಮಾತ್ರ ಪೆಟ್ಟು. ಅವನೇ ಬಸವರಾಜನನ್ನು ನಾಗಪುರದ ಆಸ್ಪತ್ರೆಗೆ ಸೇರಿಸಿ ಊರಿಗೆ ಸುದ್ದಿ ಮುಟ್ಟಿಸಿದ್ದ.

"ಅವನ ಹೆಂಡ್ತಿ ಲಕ್ಷ್ಮಕ್ಕನ್ನ ಇವತ್ತೇ ಕಳಿಸಬೇಕು. ಜೊತೆಗೆ ಅವಳ ಮೈದುನ ಮಂಜಣ್ಣ ಹೋಗ್ತಾನೆ. ಪ್ಲೇನಿಗೇ ಮಾಡ್ರಿ. ಖರ್ಚು ನಂದು" ಅಂದರು ಸಾಹುಕಾರರು.

ನಾನು ಮೊದಲು ಕೇಳಿದ್ದು ಇಬ್ಬರ ಗುರುತಿನ ಚೀಟಿಯ ಫೋಟೋ. ಮನೆಯಲ್ಲಿ ಲಕ್ಷ್ಮಕ್ಕ ಅಂದರೂ ಚೀಟಿಯಲ್ಲಿ ಲಕ್ಷ್ಮೀದೇವಮ್ಮ ಅಂತ ಇತ್ತು. ಚೀಟಿಯಲ್ಲಿರುವ ಹೆಸರೇ ಟಿಕೆಟ್ಟಿನಲ್ಲೂ ಇರಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ. ಬೆಂಗಳೂರಿನಿಂದ ನಾಗಪುರಕ್ಕೆ ಮಧ್ಯಾಹ್ನದ ಮೇಲೆ ಹೊರಡುವ ವಿಮಾನದಲ್ಲಿ ಎರಡು ಸೀಟು ಸಿಕ್ಕವು.

ಅವರು ಚಿತ್ರದುರ್ಗಕ್ಕೆ ಬರಲು ಹೊರಟಿದ್ದರು. ನಾನು ಬೇಡ ಅಂದೆ. "ಹೊಸದುರ್ಗದಿಂದ ನೆಟ್ಟಗೆ ಹಿರಿಯೂರಿಗೆ ಕಾರಲ್ಲಿ ಬರ್ರಿ. ಟಿಕೆಟ್ ತಗೊಂಡು ನಾನೇ ಅಲ್ಲಿಗೆ ಬರ್ತೀನಿ" ಅಂದೆ. ಪ್ರಿಂಟ್ ತೆಗೆದುಕೊಂಡು ಸಿಕ್ಕ ಬಸ್ಸು ಹತ್ತಿದೆ.

ಹಿರಿಯೂರಿನಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಕಾರು ನಿಂತಿತ್ತು. ಲಕ್ಷ್ಮಕ್ಕ ಹಿಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ತೆಂಗಿನ ತೋಟದ ಕೂಲಿಗೆ ಹೋಗುತ್ತಿದ್ದಳಂತೆ. ಅತ್ತಿರಲಿಲ್ಲ, ಆದರೆ ತುಟಿ ಒಣಗಿತ್ತು. ಮಂಜಣ್ಣನಿಗೆ ದಾರಿ ಹೇಳಿದೆ. ತುಮಕೂರು ದಾಟಿದ ಮೇಲೆ ಬೆಂಗಳೂರೊಳಗೆ ಹೋಗಬಾರದು, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಬೇಕು. ಅಲ್ಲಿ ಏರ್‌ಪೋರ್ಟಿನ ಒಳಗೆ ಹೋದ ಮೇಲೆ ಯಾರಿಗೆ ಏನು ತೋರಿಸಬೇಕು ಅಂತ ಹೇಳಿದೆ. ಚೀಲದಲ್ಲಿ ಗಂಡನಿಗೆ ಅಂತ ತಂದಿದ್ದ ಕೊಬ್ಬರಿ ಎಣ್ಣೆ ಬಾಟಲಿ ಇತ್ತು. ಅದನ್ನು ವಿಮಾನದೊಳಗೆ ಒಯ್ಯಲು ಬಿಡುವುದಿಲ್ಲ, ಕೊಡಿ ಅಂದೆ. ಕೊಟ್ಟಳು.

ಆಗ ಅವಳು ಮೊದಲ ಸಲ ಬಾಯಿಬಿಟ್ಟಳು. "ಅಕ್ಕ, ಲಾರಿಯಾಗೆ ಅವರು ನಾಗಪುರ ಮುಟ್ಟಾಕೆ ಎರಡು ದಿನ ಹಿಡೀತೈತೆ. ನಾವು ಯಾವಾಗ ಹೋಗ್ತೀವಿ?"

"ದೀಪ ಹಚ್ಚೋ ಹೊತ್ತಿಗೆ ಅವರ ಹತ್ರ ಇರ್ತೀರಿ" ಅಂದೆ.

"ದೀಪ ಹಚ್ಚೋ ಹೊತ್ತಿಗೆ" ಅಂತ ತನಗೆ ತಾನೇ ಹೇಳಿಕೊಂಡಳು. ಕಾರು ಹೊರಟಿತು.

ಬೆಳಗ್ಗೆ ನಾನು ಹಿರಿಯೂರಿಗೆ ಹೊರಟ ಬೆನ್ನಿಗೇ ಇತ್ತ ಆಫೀಸಿನಲ್ಲಿ ಒಂದು ಯಡವಟ್ಟಾಗಿತ್ತು. ಬಾಷಾ ಸಾಹುಕಾರರಿಂದ ನಮ್ಮ ನಂಬರು ಇಸಕೊಂಡು ನಾಗಪುರದಿಂದ ಫೋನು ಮಾಡಿದ್ದಾನೆ. ತಿಪ್ಪೇಸ್ವಾಮಿಯವರು ಎತ್ತಿದ್ದಾರೆ. "ಅಣ್ಣಾರೆ, ಬಸಣ್ಣ ಹೆಂಡ್ತಿನ್ನೇ ಕೇಳ್ತಾ ಇದಾನೆ. ಎಷ್ಟೊತ್ತಾಗುತ್ತೆ?" ಅಂತ ಅವನು ಕೇಳಿದ್ದಾನೆ. ಇವರಿಗೆ ಆ ದನಿ ಕೇಳಿ ತಡೆಯಲಾಗಲಿಲ್ಲ. "ಪ್ಲೇನು ಎರಡು ಗಂಟೆಯೊಳಗೆ ನಾಗಪುರಕ್ಕೆ ಬರುತ್ತೆ, ಏನೂ ಆಗಲ್ಲ ಬಿಡಪ್ಪ" ಅಂದುಬಿಟ್ಟರು. ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನಲ್ಲಿ ಮೇಲೆದ್ದ ವಿಮಾನ ಅಷ್ಟರೊಳಗೆ ನಾಗಪುರದಲ್ಲಿ ಇಳಿಯುತ್ತದೆ. ಆದರೆ ಬಾಷಾ ಅದನ್ನು ಇನ್ನೆರಡು ಗಂಟೆಯಲ್ಲಿ ಲಕ್ಷ್ಮಕ್ಕ ಬರುತ್ತಾಳೆ ಅಂತ ತಿಳಿದುಕೊಂಡ. ಹೋಗಿ ಬಸವರಾಜನಿಗೂ ಹಾಗೇ ಹೇಳಿದ.

ನಾನು ಆಫೀಸಿಗೆ ವಾಪಸು ಬಂದು ನೀರು ಕುಡಿಯುತ್ತಿದ್ದೆ. ಮತ್ತೆ ಬಾಷಾನ ಫೋನು. ಈ ಸಲ ನಾನು ಎತ್ತಿದೆ.

"ಅಕ್ಕ, ಲಕ್ಷ್ಮಕ್ಕ ಎಲ್ಲಿ? ಇನ್ನೂ ಬರಲಿಲ್ಲ."

"ಈಗಿನ್ನೂ ತುಮಕೂರು ದಾಟಿರಬೇಕಪ್ಪ. ವಿಮಾನ ಹತ್ತೋದೇ ಮಧ್ಯಾಹ್ನದ ಮೇಲೆ."

ಆಗ ಬಾಷಾ ಒಂದೊಂದೇ ಹೇಳಿದ. ಬಸವರಾಜನ ಕಾಲಿನಲ್ಲಿ ರಕ್ತ ಓಡುತ್ತಿಲ್ಲ. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ವಿಷ ಮೈಗೆಲ್ಲ ಏರುತ್ತದೆ, ತಡ ಮಾಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಬಸವರಾಜನಿಗೆ ಪ್ರಜ್ಞೆ ಇದೆ, ಒಪ್ಪಿಗೆಗೆ ಅವನೇ ಸಹಿ ಮಾಡಬೇಕು. ಅವನು ಮಾಡುತ್ತಿಲ್ಲ. ನನ್ನ ಹೆಂಡತಿ ಎರಡು ಗಂಟೆಯಲ್ಲಿ ಬರುತ್ತಾಳೆ, ಅವಳನ್ನು ಕೇಳಿಯೇ ಕೊಡುವುದು ಅಂತ ಹಟ ಹಿಡಿದಿದ್ದಾನೆ. ಎರಡು ಗಂಟೆ ಕಳೆಯಿತು, ಎರಡೂವರೆಯೂ ಕಳೆಯಿತು. ಈಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಅವಳಿಗೆ ಬರುವ ಮನಸ್ಸಿಲ್ಲ ಅಂತ ಕಾಣುತ್ತೆ ಅನ್ನುತ್ತಿದ್ದಾನೆ.

ಪಕ್ಕದ ಕುರ್ಚಿಯಲ್ಲಿದ್ದ ತಿಪ್ಪೇಸ್ವಾಮಿಯವರಿಗೆ ಎಲ್ಲಾ ಕೇಳಿಸುತ್ತಿತ್ತು. ಅವರ ಮುಖ ನೋಡಲಾಗಲಿಲ್ಲ. ಒಬ್ಬರ ದುಃಖ ಇಳಿಸಲು ಆಡಿದ ಮಾತು ಹೀಗೆ ತಿರುಗುತ್ತದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ?

"ಫೋನು ಅವರ ಕಿವಿಗೆ ಹಿಡಿ ಬಾಷಣ್ಣ" ಅಂದೆ.

ಬಸವರಾಜನ ದನಿ ಬಹಳ ಸಣ್ಣಗಿತ್ತು. "ಯಾರು?"

"ನಾನು ದುರ್ಗದಿಂದ ಶಾರದಮ್ಮ, ನಿಮ್ಮ ಮನೆಯವರಿಗೆ ಟಿಕೆಟ್ ಮಾಡಿದೋಳು. ಬೆಳಗ್ಗೆ ಅವರನ್ನ ಹಿರಿಯೂರಿನಾಗೆ ನಾನೇ ನೋಡಿದೀನಿ. ಹೊರಟಿದಾರೆ. ಎರಡು ಗಂಟೆ ಅನ್ನೋದು ವಿಮಾನ ಗಾಳಿಯಾಗೆ ಇರೋ ಹೊತ್ತು. ಅದಕ್ಕೆ ಮುಂಚೆ ರಸ್ತೆ ಐತಲ್ಲಪ್ಪ. ರಸ್ತೆ ಅಂದ್ರೆ ಏನಂತ ನಿಮಗೆ ನಾನು ಹೇಳಬೇಕಾ?"

ಅವನು ಕೇಳಿದ. "ಈಗ ಎಲ್ಲಿದಾಳೆ?"

"ದಾಬಸ್‌ಪೇಟೆ ಹತ್ರ ಬಂದಿರಬೇಕು."

"ಅಲ್ಲಿ ಎಡಕ್ಕೆ ತಿರುಗಬೇಕು" ಅಂದ. ಅಂಥ ನೋವಿನಲ್ಲೂ ಡ್ರೈವರನ ಬಾಯಿಂದ ಮೊದಲು ಬಂದದ್ದು ಆ ಮಾತು.

"ತಿರುಗ್ತಾರೆ, ಹೇಳಿದೀನಿ. ನಿಮ್ಮ ಹತ್ರ ಬರೋದು ಸಂಜೆ, ದೀಪ ಹಚ್ಚೋ ಹೊತ್ತಿಗೆ. ಅಲ್ಲೀತಂಕ ಡಾಕ್ಟರು ಕಾಯಂಗಿಲ್ಲ ಅಂತಾರೆ."

"ಅವಳನ್ನ ಕೇಳ್ದಂಗೆ ಕಾಲು ಹೆಂಗೆ ಕೊಡ್ಲಿ ತಾಯಿ? ನಾಳೆ ಕುಂಟನ್ನ ಕಟ್ಕಂಡು ಬಾಳೋಳು ಅವಳು."

ಅದು ನನ್ನನ್ನು ಕೇಳಬೇಕಾದ ಪ್ರಶ್ನೆ ಆಗಿರಲಿಲ್ಲ. ಹಾಗೇ ಇರ್ರಿ ಅಂತ ಹೇಳಿ, ತಿಪ್ಪೇಸ್ವಾಮಿಯವರ ಫೋನಿನಿಂದ ಮಂಜಣ್ಣನಿಗೆ ಹಚ್ಚಿದೆ. ಲಕ್ಷ್ಮಕ್ಕನಿಗೆ ಕೊಡಲು ಹೇಳಿ, ವಿಷಯ ಇದ್ದದ್ದು ಇದ್ದ ಹಾಗೆ ನಾಲ್ಕು ಮಾತಿನಲ್ಲಿ ತಿಳಿಸಿದೆ. ಎರಡೂ ಫೋನಿನ ಸ್ಪೀಕರ್ ಹಾಕಿ ಟೇಬಲ್ಲಿನ ಮೇಲೆ ಎದುರುಬದುರು ಇಟ್ಟೆ. ಗಂಡ ಹೆಂಡತಿಯ ಮಾತು, ನಾವು ಕೇಳಬಾರದಿತ್ತು. ಆದರೆ ಬೇರೆ ದಾರಿ ಇರಲಿಲ್ಲ.

"ಬಂದ್ಯಾ?" ಅಂದ ಬಸವರಾಜ.

"ಬರ್ತಾ ಇದೀನಿ. ಕೊಡು ಕಾಲು" ಅಂದಳು ಲಕ್ಷ್ಮಕ್ಕ.

"ಲಾರಿ ಹತ್ತಾಕಾಗಲ್ಲ ಕಣೇ ಇನ್ನು."

"ಬ್ಯಾಡ. ಇಪ್ಪತ್ತು ವರ್ಷ ನಿನ್ನ ಕಾಲು ಮನ್ಯಾಗೆ ಯಾವಾಗಿತ್ತು? ಆ ರಸ್ತ್ಯಾಗೇ ಇತ್ತು. ಅದನ್ನ ಅದಕ್ಕೇ ಬಿಟ್ಟು ನೀನು ಮನಿಗೆ ಬಾ."

ಆಮೇಲೆ ಅವಳು ಅತ್ತಳು. ಅವನೂ ಅತ್ತ. ಬಾಷಾ ಫೋನು ತೆಗೆದುಕೊಂಡು, "ಸಹಿ ಮಾಡ್ತಾನೆ ಅಕ್ಕ" ಅಂದ.

ರಕ್ತ ಹೊಂದಿಸಿ ಬಸವರಾಜನನ್ನು ಒಳಗೆ ಕರೆದುಕೊಂಡು ಹೋಗುವಾಗ ಇತ್ತ ಬೆಂಗಳೂರಿನಲ್ಲಿ ಲಕ್ಷ್ಮಕ್ಕ ವಿಮಾನದೊಳಗೆ ಹೋಗುತ್ತಿದ್ದಳು. ಮಂಜಣ್ಣನ ಫೋನಿನಿಂದ ಅವಳೇ ಮಾಡಿದಳು. "ಅಕ್ಕ, ಫೋನು ಆರಿಸು ಅಂತಾರೆ. ಅಷ್ಟರಾಗೆ ಏನಾದ್ರೂ ಆದ್ರೆ ನಂಗೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ ಕಣಮ್ಮ. ಆರಿಸಬೇಕು. ಇಳಿದ ತಕ್ಷಣ ನನಗೆ ಹಚ್ಚಿ. ನಾನು ಇಲ್ಲೇ ಕುಂತಿರ್ತೀನಿ" ಅಂದೆ.

ನಾನು ಜೀವನದಲ್ಲಿ ಎಷ್ಟು ಸಾವಿರ ಜನಕ್ಕೆ ಎರಡು ಗಂಟೆ, ಎರಡೂವರೆ ಗಂಟೆ ಅಂತ ಹೇಳಿದ್ದೇನೋ ಲೆಕ್ಕವಿಲ್ಲ. ಎರಡು ಗಂಟೆ ಅಂದರೆ ಏನು ಅಂತ ಅವತ್ತು ಕೂತು ನೋಡಿದೆ. ಗಿರಾಕಿಗಳು ಬಂದರು, ಹೋದರು. ತಿಪ್ಪೇಸ್ವಾಮಿಯವರು ಸುಮ್ಮನಿರಲಾರದೆ ವಿಮಾನ ಕಂಪನಿಯ ಆಫೀಸಿಗೆ ಫೋನು ಮಾಡಿ, ನಾಗಪುರದಲ್ಲಿ ಈ ಹೆಸರಿನ ಹೆಂಗಸು ಇಳಿದರೆ ಯಾರಾದರೂ ಜೊತೆಗೆ ಬಂದು ಬಾಗಿಲವರೆಗೆ ಬಿಡಬೇಕು, ಆಸ್ಪತ್ರೆಗೆ ಹೋಗುವವರು, ಭಾಷೆ ಬರುವುದಿಲ್ಲ ಅಂತ ಒಬ್ಬರಾದ ಮೇಲೆ ಒಬ್ಬರಿಗೆ ಕೇಳಿಕೊಂಡರು. ಕೊನೆಗೆ ಯಾರೋ ಒಪ್ಪಿದರು. ಅವರು ಫೋನಿಟ್ಟು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ.

ಬಾಷಾನ ಫೋನು ಮೊದಲು ಬಂತು. ಆಪರೇಷನ್ ಮುಗಿದಿತ್ತು. ಜೀವಕ್ಕೆ ಭಯವಿಲ್ಲ ಅಂದಿದ್ದರು ಡಾಕ್ಟರು. ನಾನು ತಕ್ಷಣ ಲಕ್ಷ್ಮಕ್ಕನಿಗೆ ಹಚ್ಚಿದೆ. ಫೋನು ಆರಿಸಿತ್ತು. ಜಗತ್ತಿನಲ್ಲಿ ಆ ಸುದ್ದಿ ಯಾರಿಗೆ ಎಲ್ಲರಿಗಿಂತ ಮೊದಲು ಮುಟ್ಟಬೇಕೋ ಅವಳಿಗೆ ಮುಟ್ಟಿಸಲು ಆಗುತ್ತಿಲ್ಲ, ನನ್ನ ಹತ್ತಿರ ಇದೆ. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ. ಕೊನೆಗೆ ಅವಳದೇ ಬಂತು.

"ಅಕ್ಕ, ಐತಾ?" ಅಂದಳು. ಅಷ್ಟೇ.

"ಐತೆ ಕಣಮ್ಮ. ಜೀವ ಗಟ್ಟಿ ಐತೆ. ಕಾಲು ಮೊಣಕಾಲಿನ ಕೆಳಗೆ ಹೋಯ್ತು."

"ಹೋಗ್ಲಿ" ಅಂದಳು. "ಇಲ್ಲಿ ಒಬ್ಬಾಕಿ ನನ್ನ ಹೆಸರು ಹಿಡಿದು ನಿಂತವ್ಳೆ ಅಕ್ಕ. ಹೋಗ್ತೀನಿ."

ವೀಣಾ, ಅವತ್ತಿನ ಮೇಲೆ ತಿಪ್ಪೇಸ್ವಾಮಿಯವರು ಯಾರಿಗೂ ಬರೀ ವಿಮಾನದ ಹೊತ್ತು ಹೇಳಲಿಲ್ಲ. "ನೀವು ಯಾವ ಊರಿಂದ ಹೊರಡ್ತೀರಿ, ಅಲ್ಲಿ ಯಾರು ಕಾಯ್ತಿರ್ತಾರೆ?" ಅಂತ ಮೊದಲು ಕೇಳುತ್ತಿದ್ದರು. ನೀನೂ ಹಾಗೇ ಕೇಳು. ಎರಡು ಊರಿನ ನಡುವಿನ ಹೊತ್ತನ್ನು ಮೊಬೈಲು ಹೇಳುತ್ತದೆ, ಹೇಳಲಿ. ಹೊಳಲ್ಕೆರೆಯಲ್ಲಿ ಬಸ್ಸು ಎಷ್ಟೊತ್ತಿಗೆ ಬರುತ್ತದೆ, ಸಿರಿಗೆರೆಯಿಂದ ಹೆದ್ದಾರಿಗೆ ಬರಲು ಎಷ್ಟು ಬೇಕು, ಆ ಕಡೆ ಹಾಸಿಗೆಯಲ್ಲಿ ಮಲಗಿ ಬಾಗಿಲು ನೋಡುತ್ತಿರುವವನಿಗೆ ಏನಂತ ಹೇಳಬೇಕು, ಇವನ್ನು ನೀನು ಹೇಳಬೇಕು. ನೀನು ಅಲ್ಲಿ ಕೂತಿರುವುದು ಅದಕ್ಕೆ.

ಬಸವರಾಜ ಈಗ ಹೊಸದುರ್ಗದ ಅದೇ ಮಂಡಿಯಲ್ಲಿ ತೂಕ ನೋಡುತ್ತಾನೆ. ಕೃತಕ ಕಾಲು ಹಾಕಿಸಿಕೊಂಡಿದ್ದಾನೆ. ಗಾಯ ಮಾದು ನಡೆಯಲು ಕಲಿತ ಮೇಲೆ ಗಂಡ ಹೆಂಡತಿ ಇಬ್ಬರೂ ನಮ್ಮ ಆಫೀಸಿಗೆ ಬಂದಿದ್ದರು. ತಿಪ್ಪೇಸ್ವಾಮಿಯವರು ಎದ್ದು ತಮ್ಮ ಕುರ್ಚಿಯನ್ನೇ ಬಸವರಾಜನಿಗೆ ಕೊಟ್ಟರು. ಟೀ ತರಿಸಿದರು. ಕುಡಿಯುತ್ತಾ ನಾನು ಲಕ್ಷ್ಮಕ್ಕನನ್ನು ಕೇಳಿದೆ. "ಅವತ್ತು ವಿಮಾನದಾಗೆ ಏನೂ ಗೊತ್ತಿಲ್ಲದಂಗೆ ಹೆಂಗೆ ಕುಂತಿದ್ರಿ?"

ಅವಳು ಗಂಡನ ಮುಖ ನೋಡಿ, ಅವನಿಗೇ ಹೇಳುವ ಹಾಗೆ ಹೇಳಿದಳು. "ಕೆಳಗೆ ನೋಡ್ತಿದ್ದೆ. ನೀನು ಓಡಾಡೋ ರಸ್ತೆ ಯಾವುದು ಅಂತ ಹುಡುಕ್ತಿದ್ದೆ. ಒಂದು ಕಡೆ ದಾರದಂಗೆ ಕಂಡ್ತು. ಅದೇ ಅಂದ್ಕಂಡೆ. ಇಳಿಯೋತಂಕ ಅದನ್ನ ಕಣ್ಣಿಂದ ಬಿಡಲಿಲ್ಲ."

ಬಸವರಾಜ ಲೋಟ ಕೆಳಗಿಟ್ಟ. ಇದನ್ನು ಅವನೂ ಅವತ್ತೇ ಮೊದಲು ಕೇಳಿದ್ದು ಅಂತ ಕಾಣುತ್ತದೆ.

"ಅದೇ ಇರಬೇಕು" ಅಂದ.